ಸರ್ಕಾರದ ಮೇಲಿನ ಸಿಟ್ಟು ಲಸಿಕೆಯ ಮೇಲೇಕೆ?



ಕಳೆದ ಎರಡು ತಿಂಗಳಿನಿಂದ ಸಾಲಿಗ್ರಾಮದ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಅನೇಕರು ನಾಡಿ ತೋರಿಸುವುದಕ್ಕೆ ಮೊದಲೇ ಸರ್ಕಾರವನ್ನು ಬೈಯಲು ತೊಡಗುತ್ತಾರೆ. ಬೈಗುಳ ಮುಗಿದ ಮೇಲೆ ಹೊರಡುವ ಮಾತು ಮಾತ್ರ ನನ್ನನ್ನು ಚಿಂತೆಗೆ ಈಡುಮಾಡುತ್ತದೆ. “ಎರಡನೇ ಸೂಜಿಗೆ ಮೂರು ಸಲ ಹೋಗಿ ಬಂದಿವ್ನಿ ಸ್ವಾಮಿ, ಇನ್ನು ನಾ ಹೋಗಕ್ಕಿಲ್ಲ. ಕಷಾಯನೇ ಕೊಟ್ಬುಡಿ” ಎಂದು ಅರವತ್ತು ದಾಟಿದ ಹಿರಿಯರು ಹೇಳುತ್ತಾರೆ. ಮೂರು ಸಲ ಹೋಗಿ ಬರಿಗೈಯಲ್ಲಿ ಮರಳಿದವರ ಸಿಟ್ಟನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ಆ ಸಿಟ್ಟು ಯಾರ ಮೇಲೆ ಹೋಗಬೇಕೋ ಅವರ ಮೇಲೆ ಹೋಗದೆ ತಮ್ಮ ದೇಹದ ಮೇಲೆಯೇ ತಿರುಗುತ್ತಿದೆ. ಆದ್ದರಿಂದ ಈ ತಿಂಗಳು ಮಳೆಗಾಲದ ಆಹಾರ ವಿಹಾರವನ್ನು ಬದಿಗಿರಿಸಿ, ಲಸಿಕೆ ಏಕೆ ಸಿಗಲಿಲ್ಲ, ಯಾವ ದೂರು ಸರಿ, ಯಾವುದು ಸರಿಯಲ್ಲ ಎಂಬುದನ್ನು ವಿವರಿಸುವುದು ಉಚಿತವೆಂದು ತೋರಿದೆ.

ಮೊದಲಿಗೆ ನಮ್ಮ ಶಾಸ್ತ್ರದ ಮಾತು. ಚರಕ ಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ಜನಪದೋದ್ಧ್ವಂಸನೀಯವೆಂದು ಹೆಸರು. ಒಂದು ಸೀಮೆಯ ಜನರೆಲ್ಲ ಒಂದೇ ಕಾಯಿಲೆಗೆ ಏಕಕಾಲದಲ್ಲಿ ಬಲಿಯಾಗುವುದನ್ನು ಕುರಿತ ಅಧ್ಯಾಯವದು. ಪಾಂಚಾಲದ ಕಾಂಪಿಲ್ಯ ನಗರದ ಬಳಿ, ಗಂಗಾತೀರದಲ್ಲಿ, ಬೇಸಿಗೆಯ ಕೊನೆಯ ತಿಂಗಳಲ್ಲಿ ಶಿಷ್ಯರೊಡನೆ ನಡೆಯುತ್ತಿದ್ದ ಪುನರ್ವಸು ಆತ್ರೇಯರು ಅಗ್ನಿವೇಶನಿಗೆ ಹೇಳುವ ಮೊದಲ ಮಾತು ಚಿಕಿತ್ಸೆಯದಲ್ಲ, ಸಿದ್ಧತೆಯದು. ಕೆಟ್ಟ ಕಾಲದ ಲಕ್ಷಣಗಳು ಕಾಣುತ್ತಿವೆ. ಭೂಮಿ ತನ್ನ ರಸವನ್ನು ಕಳೆದುಕೊಳ್ಳುವ ಮೊದಲೇ ಗಿಡಮೂಲಿಕೆಗಳನ್ನು ಕಿತ್ತು ಸಂಗ್ರಹಿಸಿಟ್ಟುಕೊಳ್ಳಬೇಕು, ಕಾಯಿಲೆ ಬಂದ ಮೇಲೆ ಹುಡುಕಿದರೆ ವೀರ್ಯವುಳ್ಳ ಔಷಧಿ ಸಿಗದು ಎಂಬುದು ಅದರ ತಾತ್ಪರ್ಯ. ಪ್ರಕೃತಿ, ಆಹಾರ, ವಯಸ್ಸು ಬೇರೆ ಬೇರೆಯಾದ ಜನರು ಒಂದೇ ರೋಗದಿಂದ ಸಾಯುವುದೇಕೆ ಎಂಬ ಪ್ರಶ್ನೆಗೆ, ವಾಯು, ಉದಕ, ದೇಶ, ಕಾಲ ಈ ನಾಲ್ಕು ಎಲ್ಲರಿಗೂ ಸಮಾನ, ಇವು ಕೆಟ್ಟಾಗ ಎಲ್ಲರೂ ಕೆಡುತ್ತಾರೆ ಎಂದು ಉತ್ತರ ಬರುತ್ತದೆ. ಇವು ಕೆಡುವುದಕ್ಕೆ ಮೂಲವೇನೆಂದು ಕೇಳಿದಾಗ ಆತ್ರೇಯರು ಪ್ರಜ್ಞಾಪರಾಧವನ್ನೂ ಅದರಿಂದ ಹುಟ್ಟುವ ಅಧರ್ಮವನ್ನೂ ಹೆಸರಿಸಿ, ನಾಡಿನ, ನಗರದ ಮುಖ್ಯಸ್ಥರು ಧರ್ಮ ಮೀರಿ ನಡೆದುದನ್ನು ಮೊದಲ ಕಾರಣವಾಗಿ ಎತ್ತಿ ಆಡುತ್ತಾರೆ. ಆಳುವವರನ್ನು ಪ್ರಶ್ನಿಸುವುದು ವೈದ್ಯನ ಕೆಲಸವಲ್ಲ ಎನ್ನುವವರು ಈ ಅಧ್ಯಾಯವನ್ನು ಓದಬೇಕು.

ಈ ಅಳತೆಗೋಲಿನಿಂದ ಅಳೆದರೆ ಏನು ಕಾಣುತ್ತದೆ? ಲಕ್ಷಣಗಳು ಮೊದಲೇ ಕಂಡಿದ್ದವು. ನಮ್ಮ ರಾಜ್ಯದ ತಾಂತ್ರಿಕ ಸಲಹಾ ಸಮಿತಿ 2020ರ ನವೆಂಬರ್ ಕೊನೆಯಲ್ಲಿಯೇ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಎರಡನೆಯ ಅಲೆ ಬರಬಹುದೆಂದು ಎಚ್ಚರಿಸಿತ್ತು. ಅದೇ ತಿಂಗಳು ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿಯು ಆಮ್ಲಜನಕದ ಉತ್ಪಾದನೆಯನ್ನು ಹೆಚ್ಚಿಸಬೇಕೆಂದು ಹೇಳಿತ್ತು. ಅನಂತರ ನಡೆದದ್ದು ನಮ್ಮ ನೆರೆಯಲ್ಲಿಯೇ. ಮೇ 2ರ ರಾತ್ರಿಯಿಂದ ಮರುದಿನ ಬೆಳಗಿನ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ಪ್ರಾಣ ಬಿಟ್ಟರು. ಮೈಸೂರಿನಿಂದ ತುಂಬಿ ಬರಬೇಕಾದ ಸಿಲಿಂಡರುಗಳಿಗಾಗಿ ಆ ಆಸ್ಪತ್ರೆ ಕಾಯುತ್ತಿತ್ತು. ಮೇ 5ರಂದು ರಾಜ್ಯಕ್ಕೆ ದಿನಕ್ಕೆ 1,200 ಟನ್ ಆಮ್ಲಜನಕ ಕೊಡಬೇಕೆಂದು ನಮ್ಮ ಹೈಕೋರ್ಟು ಕೇಂದ್ರಕ್ಕೆ ಆದೇಶಿಸಬೇಕಾಯಿತು. ಅದರ ವಿರುದ್ಧ ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು, ಅಲ್ಲಿಯೂ ಆ ಆದೇಶವೇ ನಿಂತಿತು. ಉಸಿರಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದ ನಾಡಿನಲ್ಲಿ ಜನ ಕೋಪಗೊಳ್ಳದಿದ್ದರೆ ಅದೇ ಆಶ್ಚರ್ಯ.

ಇನ್ನು ಲಸಿಕೆಯ ವಿಷಯ. ಇಲ್ಲಿ ಲೆಕ್ಕವನ್ನು ತಿಳಿದುಕೊಳ್ಳದೆ ಬೈದರೆ ಬೈಗುಳ ಎಲ್ಲೆಲ್ಲೋ ಹೋಗಿ ಬೀಳುತ್ತದೆ. 2021ರಲ್ಲಿ ನಮ್ಮ ದೇಶದಲ್ಲಿ 18 ವರ್ಷ ತುಂಬಿದವರು ಸುಮಾರು 94 ಕೋಟಿ ಇದ್ದರು. ತಲೆಗೆ ಎರಡರಂತೆ 188 ಕೋಟಿ ಡೋಸ್ ಬೇಕಿತ್ತು. ಆ ವರ್ಷದ ಬೇಸಿಗೆಯಲ್ಲಿ ಪುಣೆಯ ಕೋವಿಶೀಲ್ಡ್, ಹೈದರಾಬಾದಿನ ಕೋವ್ಯಾಕ್ಸಿನ್ ಎರಡೂ ಸೇರಿ ತಿಂಗಳಿಗೆ ತಯಾರಾಗುತ್ತಿದ್ದುದು ಏಳೆಂಟು ಕೋಟಿ. ಭಾಗಿಸಿ ನೋಡಿದರೆ ಎರಡು ವರ್ಷದ ಕೆಲಸ. ಹೀಗಿರುವಾಗ ಜನವರಿಯಲ್ಲಿ ಕೇಂದ್ರ ಸರ್ಕಾರ ಕೊಂಡ ಮೊದಲ ಕಂತು ಎಷ್ಟು? ಕೋವಿಶೀಲ್ಡ್ 1 ಕೋಟಿ 10 ಲಕ್ಷ, ಕೋವ್ಯಾಕ್ಸಿನ್ 55 ಲಕ್ಷ. ಬೇರೆ ದೇಶಗಳು ಲಸಿಕೆ ಪರೀಕ್ಷೆಯಲ್ಲಿರುವಾಗಲೇ, 2020ರಲ್ಲಿಯೇ, ಮುಂಗಡ ಕೊಟ್ಟು ಕೋಟಿಗಟ್ಟಲೆ ಡೋಸ್ ಕಾಯ್ದಿರಿಸಿದ್ದವು. ಅಗ್ನಿವೇಶನಿಗೆ ಹೇಳಿದ ಮೊದಲ ಮಾತು ಇದೇ ಅಲ್ಲವೇ? ಕಾಲ ಕೆಡುವ ಮೊದಲು ಕಿತ್ತಿಟ್ಟುಕೊಳ್ಳಲಿಲ್ಲ. ಉಳಿದ ಎಲ್ಲ ತೊಂದರೆಗಳ ಬೇರು ಇಲ್ಲಿದೆಯೆಂದು ನನ್ನ ಅಭಿಪ್ರಾಯ.

“ನಮ್ಮ ಲಸಿಕೆಯನ್ನೆಲ್ಲ ಪರದೇಶಕ್ಕೆ ದಾನ ಮಾಡಿಬಿಟ್ಟರು” ಎಂಬ ಮಾತೂ ಕೇಳಿಬರುತ್ತದೆ. ಏಪ್ರಿಲ್‌ವರೆಗೆ ಹೊರಗೆ ಹೋದದ್ದು ಸುಮಾರು 6 ಕೋಟಿ 60 ಲಕ್ಷ ಡೋಸ್. ಅದರಲ್ಲಿ ಉಡುಗೊರೆಯಾಗಿ ಹೋದದ್ದು ಒಂದು ಕೋಟಿಗೆ ಸ್ವಲ್ಪ ಹೆಚ್ಚು. ಮಿಕ್ಕದ್ದು ಕಂಪನಿಗಳು ಮಾಡಿಕೊಂಡ ವ್ಯಾಪಾರದ ಒಪ್ಪಂದ ಮತ್ತು ಬಡ ದೇಶಗಳಿಗಾಗಿ ಇರುವ ಅಂತರರಾಷ್ಟ್ರೀಯ ಯೋಜನೆಯ ಪಾಲು. ಆ ಅಷ್ಟನ್ನೂ ಇಲ್ಲಿಯೇ ಇಟ್ಟುಕೊಂಡಿದ್ದರೂ ಒಂದು ತಿಂಗಳ ಕೊರತೆಯೂ ಪೂರ್ತಿ ನೀಗುತ್ತಿರಲಿಲ್ಲ. ಹಸಿದ ಮನೆಯವನು ದಾಸೋಹ ನಡೆಸಬೇಕೇ ಎಂಬ ವಾದ ಬೇರೆ. ಅದನ್ನು ಬೇಕಾದವರು ಮಾಡಲಿ.

ದೊಡ್ಡ ಪ್ರಮಾದ ನಡೆದದ್ದು ಮೇ ತಿಂಗಳಲ್ಲಿ. ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಆರಂಭವಾದ ಕಾರ್ಯ ಮಾರ್ಚ್ 1ಕ್ಕೆ ಅರವತ್ತು ದಾಟಿದವರಿಗೂ, ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರಿಗೂ ವಿಸ್ತರಿಸಿತ್ತು. ಅವರಿಗೇ ಎರಡನೆಯ ಡೋಸ್ ಸಾಲದಿರುವಾಗ ಮೇ 1ರಿಂದ 18 ದಾಟಿದವರೆಲ್ಲರೂ ಬನ್ನಿ ಎಂದು ಬಾಗಿಲು ತೆರೆದರು. ಆದರೆ ಒಳಗೆ ಪಾತ್ರೆ ಬರಿದಾಗಿತ್ತು. ಯುವಕರ ಲಸಿಕೆಯನ್ನು ರಾಜ್ಯಗಳೇ ಕೊಳ್ಳಬೇಕೆಂದೂ ಆಯಿತು. ಒಂದೇ ಸೀಸೆಗೆ ಕೇಂದ್ರಕ್ಕೆ ಒಂದು ಬೆಲೆ, ರಾಜ್ಯಕ್ಕೆ ಒಂದು ಬೆಲೆ, ಖಾಸಗಿ ಆಸ್ಪತ್ರೆಗೆ ಇನ್ನೊಂದು ಬೆಲೆ. ಕರ್ನಾಟಕದ ಸರ್ಕಾರಿ ಕೇಂದ್ರಗಳಲ್ಲಿ ಮೇ 10ಕ್ಕೆ ಶುರುವಾದ ಯುವಕರ ಲಸಿಕೆ ಮೇ 14ಕ್ಕೆ ನಿಂತೇ ಹೋಯಿತು. ಆ ನಾಲ್ಕು ದಿನಗಳಲ್ಲಿಯೂ ಹಾಕಿಸಿಕೊಂಡವರು ಯಾರು? ಕೋವಿನ್‌ನಲ್ಲಿ ನೋಂದಣಿ ಮಾಡಿ, ಒಟಿಪಿ ಬಂದೊಡನೆ ಬೆರಳಾಡಿಸಬಲ್ಲವರು. ನಮ್ಮ ಭಾಗದ ಒಂದು ಆರೋಗ್ಯ ಕೇಂದ್ರಕ್ಕೆ ದೂರದ ಪಟ್ಟಣದಿಂದ ಕಾರುಗಳಲ್ಲಿ ಬಂದ ಯುವಕರು ಹಾಕಿಸಿಕೊಂಡು ಹೋದರು. ಆ ಕೇಂದ್ರದ ಗೋಡೆಗೆ ಅಂಟಿಕೊಂಡ ಮನೆಯ ಹುಡುಗ ನೋಡುತ್ತ ನಿಂತಿದ್ದ. ಅವನಲ್ಲಿ ಇದ್ದದ್ದು ಗುಂಡಿ ಒತ್ತುವ ಫೋನು. ಪಟ್ಟಣದ ಯುವಕರನ್ನೂ ದೂರಲಾಗದು, ನಿಯಮ ಅವರಿಗೆ ಅವಕಾಶ ಕೊಟ್ಟಿತ್ತು. ಈ ನೀತಿ ಮೇಲ್ನೋಟಕ್ಕೇ ವಿವೇಚನೆಯಿಲ್ಲದ್ದೆಂದು ಸುಪ್ರೀಂ ಕೋರ್ಟ್ ಹೇಳಿತು, ಹಳ್ಳಿಯ ಜನ ಮೊಬೈಲಿನಲ್ಲಿ ಹೇಗೆ ನೋಂದಾಯಿಸಿಕೊಂಡಾರೆಂದೂ ಕೇಳಿತು. ಮೇ 24ರಿಂದ ಸರ್ಕಾರಿ ಕೇಂದ್ರಗಳಲ್ಲಿ ಯುವಕರಿಗೂ ಸ್ಥಳದಲ್ಲೇ ನೋಂದಣಿಗೆ ಅವಕಾಶವಾಯಿತು. ಜೂನ್ 7ರಂದು ನೀತಿ ಬದಲಾಗುವುದಾಗಿ ಪ್ರಧಾನಿಯವರು ಪ್ರಕಟಿಸಿ, ಜೂನ್ 21ರಿಂದ ತಯಾರಾದುದರಲ್ಲಿ ಮುಕ್ಕಾಲು ಪಾಲನ್ನು ಕೇಂದ್ರವೇ ಕೊಂಡು ರಾಜ್ಯಗಳಿಗೆ ಉಚಿತವಾಗಿ ಕೊಡುವುದೆಂದಾಯಿತು. ಜನರು ಕೇಳಿದ್ದಕ್ಕೆ, ನ್ಯಾಯಾಲಯ ಗದರಿದ್ದಕ್ಕೆ ಇದು ಆಯಿತು. ಸುಮ್ಮನೆ ಕುಳಿತಿದ್ದರೆ ಆಗುತ್ತಿತ್ತೆಂದು ನಾನು ನಂಬುವುದಿಲ್ಲ.

ಆದರೆ ಎಲ್ಲ ದೂರುಗಳೂ ಮೇಲಿನವರೆಗೆ ಹೋಗುವಂಥವಲ್ಲ. ಕೆಲವಕ್ಕೆ ಸೀಸೆಯೊಳಗೇ ಉತ್ತರವಿದೆ. “ಫ್ರಿಜ್ಜಿನಲ್ಲಿ ಲಸಿಕೆ ಇತ್ತು, ನಾವು ಆರು ಜನ ಇದ್ದೆವು, ನಾಳೆ ಬನ್ನಿ ಎಂದು ಕಳಿಸಿದರು” ಎಂಬ ದೂರು ಪದೇ ಪದೇ ಬರುತ್ತದೆ. ಕೋವಿಶೀಲ್ಡಿನ ಒಂದು ಸೀಸೆಯಲ್ಲಿ ಇರುತ್ತಿದ್ದುದು 5 ಮಿಲಿ ಲೀಟರ್, ತಲೆಗೆ ಅರ್ಧ ಮಿಲಿಯಂತೆ ಹತ್ತು ಜನಕ್ಕೆ. ಸೂಜಿ ಚುಚ್ಚಿ ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಿತ್ತು, ಉಳಿದದ್ದನ್ನು ಚೆಲ್ಲಬೇಕಿತ್ತು. ಆರು ಜನಕ್ಕೆ ತೆರೆದರೆ ನಾಲ್ಕು ಡೋಸ್ ನೆಲದ ಪಾಲು. ಪೋಲಾದ ಲೆಕ್ಕ ಮೇಲಕ್ಕೆ ಹೋಗುತ್ತಿತ್ತು. ಪೋಲು ಹೆಚ್ಚಿದ ರಾಜ್ಯಕ್ಕೆ ಹಂಚಿಕೆ ಕಡಿಮೆಯಾಗುವ ನಿಯಮ 2021ರ ಜೂನ್ 21ರಿಂದ ಜಾರಿಯಲ್ಲಿತ್ತು. ಹೀಗಾಗಿ ಶುಶ್ರೂಷಕಿ ಹತ್ತು ತಲೆ ಎಣಿಸಿಯೇ ಸೀಸೆ ತೆರೆಯುತ್ತಿದ್ದಳು. ಇದಕ್ಕೆ ಪರಿಹಾರ ಜಗಳವಲ್ಲ. ಬೀದಿಯಲ್ಲಿ ಯಾರು ಯಾರಿಗೆ ಬಾಕಿಯಿದೆಯೆಂದು ಮೊದಲೇ ಕೇಳಿಕೊಂಡು ಹತ್ತು ಜನ ಕೂಡಿ ಹೋಗುವುದು. ಜಾತ್ರೆಗೆ ಗಾಡಿ ಕಟ್ಟುವ ನಮಗೆ ಇದೇನು ಕಷ್ಟವಲ್ಲ.

ಎರಡು ಡೋಸ್‌ಗಳ ನಡುವಣ ಅಂತರವನ್ನು ಎರಡು ಸಲ ಬದಲಿಸಿದ್ದು ಜನರ ನಂಬಿಕೆಯನ್ನು ಇನ್ನಷ್ಟು ಕದಡಿತು. ಕೋವಿಶೀಲ್ಡಿಗೆ ಜನವರಿಯಲ್ಲಿ 28 ದಿನದ ಬಳಿಕ ಎಂದರು, ಮಾರ್ಚ್ 22ರಂದು 6ರಿಂದ 8 ವಾರ ಎಂದರು, ಮೇ 13ರಂದು 12ರಿಂದ 16 ವಾರ ಎಂದರು. “ಸ್ಟಾಕ್ ಇಲ್ಲ, ಅದಕ್ಕೇ ಮುಂದೂಡಿದರು” ಎಂಬುದು ಹಳ್ಳಿಯ ತೀರ್ಮಾನ. ಇದರಲ್ಲಿ ಅರ್ಧ ಮಾತ್ರ ನಿಜ. ಅಂತರ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚುವುದಕ್ಕೆ ಆಧಾರ ಮೊದಲೇ ಇತ್ತು: ಆರು ವಾರದೊಳಗೆ ಎರಡನೆಯದನ್ನು ಕೊಟ್ಟಾಗ ಸುಮಾರು ಶೇ 55, ಹನ್ನೆರಡು ವಾರದ ಬಳಿಕ ಕೊಟ್ಟಾಗ ಸುಮಾರು ಶೇ 81 ಎಂದು ಆಕ್ಸ್‌ಫರ್ಡಿನ ಸಂಶೋಧಕರು ಫೆಬ್ರುವರಿಯಲ್ಲಿ ಪ್ರಕಟಿಸಿದ್ದರು. ಆದರೆ ಅದು ಡೆಲ್ಟಾ ರೂಪಾಂತರಿ ಹಬ್ಬುವುದಕ್ಕೆ ಮೊದಲಿನ ಮಾತು. ನಮ್ಮಲ್ಲಿ ಅಂತರವನ್ನು ಹಿಗ್ಗಿಸಿದ ಮರುದಿನವೇ ಬ್ರಿಟನ್ ತನ್ನ ಐವತ್ತು ದಾಟಿದವರಿಗೆ 12 ವಾರವನ್ನು 8 ವಾರಕ್ಕೆ ಇಳಿಸಿತು. ಕಾರಣ ಇದೇ ಡೆಲ್ಟಾ. ವಿಜ್ಞಾನದ ತಿಳಿವು ಬದಲಾಗುವುದು ಸಹಜ. ಬದಲಾದಾಗ ಕಾರಣವನ್ನು ಜನರಿಗೆ ಅವರ ಭಾಷೆಯಲ್ಲಿ ಕೂರಿಸಿಕೊಂಡು ಹೇಳಬೇಕಿತ್ತು; ನಮ್ಮ ಹಳ್ಳಿಗಳಿಗೆ ತಲುಪಿದ್ದು ಬಾಗಿಲಿಗೆ ಅಂಟಿಸಿದ ಒಂದು ಚೀಟಿ.

ಇಲ್ಲಿಗೆ ಬಂದಮೇಲೆ ಎರಡನೆಯ ಡೋಸ್ ಏಕೆ ಬೇಕೆಂಬುದನ್ನು ಬಿಡಿಸಿ ಹೇಳುತ್ತೇನೆ. ಮೊದಲ ಡೋಸ್ ಶರೀರಕ್ಕೆ ಶತ್ರುವಿನ ಗುರುತು ಹಚ್ಚುತ್ತದೆ. ಎರಡನೆಯದು ಆ ಗುರುತನ್ನು ಗಟ್ಟಿಮಾಡಿ, ಮತ್ತೆ ಕಂಡೊಡನೆ ಏಳುವ ಸೈನ್ಯವನ್ನು ನಿಲ್ಲಿಸುತ್ತದೆ. ಬ್ರಿಟನ್ನಿನ ಆರೋಗ್ಯ ಇಲಾಖೆ ಮೇ ತಿಂಗಳಲ್ಲಿ ಕೊಟ್ಟ ಅಂಕಿಗಳ ಪ್ರಕಾರ ಡೆಲ್ಟಾದಿಂದ ಕಾಯಿಲೆ ಬೀಳುವುದನ್ನು ಒಂದು ಡೋಸ್ ತಡೆದದ್ದು ಸುಮಾರು ಶೇ 33ರಷ್ಟು, ನಾವು ಕೋವಿಶೀಲ್ಡ್ ಎನ್ನುವ ಅದೇ ಲಸಿಕೆಯ ಎರಡು ಡೋಸ್ ತಡೆದದ್ದು ಸುಮಾರು ಶೇ 60ರಷ್ಟು. ಆಸ್ಪತ್ರೆ ಸೇರುವ ಸ್ಥಿತಿಯನ್ನು ತಡೆಯುವುದರಲ್ಲಿ ಒಂದು ಡೋಸ್‌ಗೆ ಶೇ 71, ಎರಡಕ್ಕೆ ಶೇ 92 ಎಂದು ಜೂನ್‌ನಲ್ಲಿ ತಿಳಿಸಿದರು. ಅಂದರೆ ಎರಡೂ ಹಾಕಿಸಿಕೊಂಡವರಿಗೆ ಜ್ವರ ಬರಬಹುದು. ಆದರೆ ಸಿಲಿಂಡರಿಗಾಗಿ ಕಾಯುವ ರಾತ್ರಿ ಬರುವ ಸಂಭವ ಬಹಳ ಕಡಿಮೆ. ಸರ್ಕಾರದ ಮೇಲೆ ಮುನಿದು ಎರಡನೆಯದನ್ನು ಬಿಟ್ಟವನು ಆ ಸಂಭವವನ್ನು ತನ್ನ ಕೈಯಾರೆ ಹೆಚ್ಚಿಸಿಕೊಳ್ಳುತ್ತಾನೆ. ಸರ್ಕಾರಕ್ಕೆ ಅದರಿಂದ ಆಗುವ ನಷ್ಟವಾದರೂ ಏನು?

ಹೀಗೆ ಆಳುವವರ ಮೇಲಿನ ಅಪನಂಬಿಕೆ ಮದ್ದಿನ ಮೇಲೆ ತಿರುಗುವುದು ನಮ್ಮ ಸೀಮೆಗೆ ಹೊಸದಲ್ಲ. 1898ರಲ್ಲಿ ಪ್ಲೇಗ್ ಮೈಸೂರು ಸಂಸ್ಥಾನಕ್ಕೆ ಕಾಲಿಟ್ಟಾಗ ಮನೆ ಹೊಕ್ಕು ಶೋಧಿಸುವುದು, ರೋಗಿಗಳನ್ನು ಬಲವಂತವಾಗಿ ಒಯ್ಯುವುದು ಮುಂತಾದ ನಿಯಮಗಳಿಂದ ಜನ ರೋಸಿಹೋಗಿ, ಆ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲಿ ಗಲಭೆಯೇ ಆಯಿತು. ಹಾಫ್‌ಕಿನ್ ಎಂಬ ವಿಜ್ಞಾನಿ ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ಪ್ಲೇಗಿಗೆ ಲಸಿಕೆ ಸಿದ್ಧಪಡಿಸಿ ಮೊದಲು ತನಗೇ ಚುಚ್ಚಿಕೊಂಡಿದ್ದ. ಬಲವಂತದ ಕಾವಲು ಬಂದ ಬಾಗಿಲಿನಿಂದಲೇ ಲಸಿಕೆಯೂ ಬಂದುದರಿಂದ ಅನೇಕರು ಅದನ್ನೂ ಕಾವಲಿನ ಜೊತೆಗೇ ದೂರವಿಟ್ಟರು. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಕಥೆಗಳನ್ನು ನಮ್ಮ ತಾತಂದಿರು ಹೇಳುತ್ತಿದ್ದರು. ಸುಶ್ರುತರು ಹೇಳುವ ಸ್ಥಾನಪರಿತ್ಯಾಗವೂ ಅದೇ. ಅದರಿಂದ ಬದುಕಿದವರು ಬಹಳ. ಆದರೆ ಕೊರೊನಾದಿಂದ ತಪ್ಪಿಸಿಕೊಳ್ಳಲು ಬಿಟ್ಟುಹೋಗುವ ಊರಾದರೂ ಎಲ್ಲಿದೆ?

ಈಗ ನನ್ನ ವೃತ್ತಿಗೇ ಸಂಬಂಧಿಸಿದ ಮಾತು. ಮೇ ತಿಂಗಳಿಡೀ ಟಿವಿಯಲ್ಲಿ ಅಲೋಪತಿ, ಆಯುರ್ವೇದಗಳ ನಡುವೆ ಜಗಳ ಹಚ್ಚಿದ್ದನ್ನು ನೀವು ನೋಡಿರುತ್ತೀರಿ. ಅದರ ಫಲವಾಗಿ ಲಸಿಕೆಯ ಬದಲು ಕಷಾಯ ಸಾಕೆಂದು ನಂಬಿ ಬರುವವರಿದ್ದಾರೆ. ಅಮೃತಬಳ್ಳಿ, ಶುಂಠಿ, ಮೆಣಸು, ತುಳಸಿಗಳ ಗುಣವನ್ನು ನಾನು ನಾಲ್ಕು ದಶಕ ಕಂಡಿದ್ದೇನೆ. ಅಗ್ನಿಯನ್ನು ಕಾಪಾಡುವುದಕ್ಕೆ, ಕಫವನ್ನು ತಗ್ಗಿಸುವುದಕ್ಕೆ ಅವು ಬೇಕು. ಆಯುಷ್ ಸಚಿವಾಲಯ ಏಪ್ರಿಲ್‌ನಲ್ಲಿ ಪ್ರಕಟಿಸಿದ ಆಯುಷ್-64 ಮಾತ್ರೆಯೂ ಸೌಮ್ಯ ಲಕ್ಷಣದವರ ಚಿಕಿತ್ಸೆಗೆ ಹೇಳಿದ್ದು. ಇವುಗಳಲ್ಲಿ ಯಾವುದೂ ಲಸಿಕೆ ಮಾಡುವ ಕೆಲಸವನ್ನು ಮಾಡುವುದಿಲ್ಲ. ಹಾಗೆ ಮಾಡುತ್ತದೆಂದು ಹೇಳಿ ಹಣ ಪಡೆಯುವ ವೈದ್ಯ ಆಯುರ್ವೇದಕ್ಕೆ ಅಪಚಾರ ಮಾಡುತ್ತಾನೆ. ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆಂದು ಫ್ರಾನ್ಸಿನ ನೊಬೆಲ್ ಪುರಸ್ಕೃತರೊಬ್ಬರ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಮಾತು ಶುದ್ಧ ಸುಳ್ಳು. ರಕ್ತ ಹೆಪ್ಪುಗಟ್ಟುವ ತೊಂದರೆ ಸುಳ್ಳಲ್ಲ, ಆದರೆ ಬಹಳ ವಿರಳ: ನಮ್ಮ ದೇಶದಲ್ಲಿ ಹತ್ತು ಲಕ್ಷ ಡೋಸ್‌ಗೆ 0.61 ಪ್ರಕರಣವೆಂದು ಮೇ ತಿಂಗಳಲ್ಲಿ ರಾಷ್ಟ್ರೀಯ ಸಮಿತಿ ತಿಳಿಸಿದೆ.

ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಕೆಲಸದವರು ಹೇಳುವ ಕಾರಣ ಬೇರೆ, ಅದು ನಿಜವಾದ ಕಾರಣ: ಲಸಿಕೆಯ ಬಳಿಕ ಎರಡು ದಿನ ಜ್ವರ ಬಂದರೆ ಎರಡು ದಿನದ ಕೂಲಿ ಹೋಯಿತು. ಈ ಕೂಲಿಯನ್ನು ಕಟ್ಟಿಕೊಡುವ ಯೋಚನೆ ಯಾರೂ ಮಾಡಲಿಲ್ಲ. ಮಠದ ಭಕ್ತರಲ್ಲಿ ಜಮೀನುದಾರರಿದ್ದೀರಿ. ಲಸಿಕೆ ಹಾಕಿಸಿಕೊಂಡ ಆಳಿಗೆ ಆ ಎರಡು ದಿನದ ಕೂಲಿಯನ್ನು ಕೊಡುವುದು ನಿಮಗೆ ಭಾರವಾಗದು. ಹಾಗೆಯೇ ಮನೆ ಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆಯ ಮೇಲೆ ಕೂಗಾಡುವುದನ್ನು ನಿಲ್ಲಿಸಿ. ನೀತಿ ಮಾಡಿದವಳು ಅವಳಲ್ಲ, ಸೀಸೆ ತರಿಸದವಳೂ ಅವಳಲ್ಲ. ಅವಳು ನಿಮ್ಮದೇ ಊರಿನ ಮಗಳೋ ಸೊಸೆಯೋ ಆಗಿದ್ದು, ಅಲ್ಪ ಗೌರವಧನಕ್ಕೆ ಸೋಂಕಿತರ ಮನೆಗಳನ್ನು ಸುತ್ತಿದವಳು. ದೂರನ್ನು ಬರೆದು, ಸಹಿ ಹಾಕಿ, ಗ್ರಾಮ ಪಂಚಾಯಿತಿಗೂ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೂ ಶಾಸಕರಿಗೂ ಕೊಡಿ. ಎಷ್ಟು ಸೀಸೆ ಬಂತು, ಯಾರಿಗೆ ಹೋಯಿತು ಎಂಬ ಲೆಕ್ಕವನ್ನು ಕೇಳಿ. ಅದು ನಿಮ್ಮ ಹಕ್ಕು.

ಇನ್ನು 2021ರಲ್ಲಿ ಲಸಿಕೆಗೆ ಹೋಗುವವರು ತಿಳಿದಿರಬೇಕಾಗಿದ್ದುದು. ಕೋವಿಶೀಲ್ಡ್ ಮೊದಲ ಡೋಸ್ ಆದ 84 ದಿನದ ಮೇಲೆ ಎರಡನೆಯದಕ್ಕೆ ಅರ್ಹರಾಗುತ್ತಿದ್ದರು. ಏಪ್ರಿಲ್ 20ರಂದು ಹಾಕಿಸಿಕೊಂಡವರಿಗೆ ಅದು ಜುಲೈ 13 ಆಗಿತ್ತು. ಕೋವ್ಯಾಕ್ಸಿನ್ ಆದರೆ 4ರಿಂದ 6 ವಾರ ಎಂದಿತ್ತು. ಮೊದಲು ಯಾವುದು ಹಾಕಿಸಿಕೊಂಡಿದ್ದರೋ ಅದೇ ಎರಡನೆಯದೂ ಆಗಬೇಕಿತ್ತು. ನಡುವೆ ಕೊರೊನಾ ಬಂದಿದ್ದರೆ ಗುಣವಾದ ಮೂರು ತಿಂಗಳ ಬಳಿಕ ಎಂಬ ನಿಯಮವಿತ್ತು. ಹಾಲೂಡಿಸುವ ತಾಯಂದಿರು ಹಾಕಿಸಿಕೊಳ್ಳಬಹುದಿತ್ತು. ಗರ್ಭಿಣಿಯರಿಗೂ ಜುಲೈ 2ರಂದು ಅನುಮತಿ ಸಿಕ್ಕಿತು. ಫೋನಿಲ್ಲದವರು ಮನೆಯವರ ಅಥವಾ ನೆರೆಯವರ ಸಂಖ್ಯೆ ಕೊಡಬಹುದಿತ್ತು, ಆಗ ಒಂದು ಸಂಖ್ಯೆಗೆ ನಾಲ್ವರು ಸೇರಬಹುದಿತ್ತು. ಆಧಾರ್ ಕಾರ್ಡನ್ನು ಜೊತೆಗಿಟ್ಟುಕೊಳ್ಳಿ. ಬರಿ ಹೊಟ್ಟೆಯಲ್ಲಿ ಹೋಗಬೇಡಿ. ಹಾಕಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲಿಯೇ ಕುಳಿತಿರಿ. ಜ್ವರ, ಮೈಕೈ ನೋವು ಬಂದರೆ ಅಲ್ಲಿ ಕೊಡುವ ಪ್ಯಾರಸಿಟಮಾಲ್ ತೆಗೆದುಕೊಳ್ಳಲು ಸಂಕೋಚ ಬೇಡ; ಆ ದಿನ ಗಂಜಿ, ಹೆಸರುಬೇಳೆಯ ಕಟ್ಟು, ಜೀರಿಗೆ ಹಾಕಿ ಕುದಿಸಿದ ಬಿಸಿನೀರು ಸಾಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಲಸಿಕೆಯ ನೆಪದಲ್ಲಿ ನಿಲ್ಲಿಸಬಾರದು. ಅವಧಿ ದಾಟಿ ತಿಂಗಳಾಯಿತು, ಇನ್ನು ಮೊದಲಿನಿಂದ ಹಾಕಿಸಬೇಕೇನೋ ಎಂದು ಕೆಲವರು ಸುಮ್ಮನಾಗಿದ್ದಾರೆ. ಮೊದಲಿನಿಂದ ಬೇಕಿಲ್ಲ. ತಡವಾದರೂ ಉಳಿದಿರುವುದು ಒಂದೇ ಡೋಸ್. ಊರಿನಲ್ಲಿ ಲಸಿಕೆ ಹಾಕುವ ಮುಂದಿನ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಅಂದೇ ಹೋಗಬಹುದಿತ್ತು.